ಕಸುಬು ಕೇಳದ ಭಾನುವಾರ

ಹಲ್ಲಿನ ವೈದ್ಯವನ್ನು ನಾನು ಕಲಿತದ್ದು ಬೆಂಗಳೂರಿನ ದಂಡುಪ್ರದೇಶದಲ್ಲಿ, ಒಬ್ಬ ಮುದುಕ ಡಾಕ್ಟರ ಕೈಕೆಳಗೆ. ಆ ಕಾಲಕ್ಕೆ ನಮ್ಮ ಕಡೆಯವರಿಗೆ ಈ ವಿದ್ಯೆ ಬೇಕೆಂದರೆ ಬಲ್ಲವರೊಬ್ಬರ ಕಾಲು ಹಿಡಿಯಬೇಕಿತ್ತು, ಅಷ್ಟೇ. ಕಸಾಯಿ ಅಂಗಡಿಯಿಂದ ತರಿಸಿದ ಕುರಿಯ ದವಡೆಯ ಮೇಲೆ ಇಕ್ಕಳ ಹಿಡಿಯುವುದನ್ನು ಅವರು ಕಲಿಸಿದರು. ನಾನೋ ವೈದಿಕರ ಮನೆಯ ಹುಡುಗ. ಸುದ್ದಿ ಶಿವಮೊಗ್ಗಕ್ಕೆ ಮುಟ್ಟಿದಾಗ ಅಮ್ಮ ಊಟ ಬಿಟ್ಟು ಕೂತಳಂತೆ. ರಜಕ್ಕೆ ಬಂದರೆ ಹಿತ್ತಲ ಬಾಗಿಲಿನಿಂದ ಬಚ್ಚಲಿಗೆ ಹೋಗಿ ತಲೆಗೆ ಸ್ನಾನ ಮಾಡಿದ ಮೇಲೇ ನನಗೆ ಒಳಗೆ ಪ್ರವೇಶ.

ಆದರೆ ಕುರಿ ದವಡೆಯ ಪಾಠ ಶುರುವಾದದ್ದು ಬಹಳ ತಡವಾಗಿ. ಮೊದಲ ಆರು ತಿಂಗಳು ಗುರುಗಳು ನನ್ನ ಕೈಗೆ ಒಂದು ಚಿಮಟವನ್ನೂ ಕೊಡಲಿಲ್ಲ. ರೋಗಿ ಬಂದು ಕುರ್ಚಿಯಲ್ಲಿ ಕೂತ ಕೂಡಲೆ "ಏನು ಕಸುಬು ಮಾಡ್ತೀರಿ?" ಎಂದು ಕೇಳುವುದೊಂದೇ ನನ್ನ ಕೆಲಸ. ನನಗೆ ರೇಗಿಹೋಗುತ್ತಿತ್ತು. ಹಲ್ಲು ಕೀಳಲು ಬಂದವನ ಕಸುಬು ಕಟ್ಟಿಕೊಂಡು ನಮಗೇನಾಗಬೇಕು? ಒಂದು ದಿನ ಬಾಯಿಬಿಟ್ಟು ಹೇಳಿಯೇಬಿಟ್ಟೆ. ಗುರುಗಳು ಕನ್ನಡಕದ ಮೇಲಿಂದ ನೋಡಿದರು.

"ದರ್ಜಿ ಹಲ್ಲಲ್ಲಿ ದಾರ ಕಡೀತಾನೆ. ಚಪ್ಪಲಿ ಹೊಲಿಯೋನು ಮೊಳೆ ಕಚ್ಚಿಕೊಂಡಿರ್ತಾನೆ. ಬಾಯಿ ಅನ್ನೋದು ಬರೀ ಊಟಕ್ಕೆ ಅಂದ್ಕೊಂಡಿದ್ದೀಯೇನೋ ಪೆದ್ದಾ? ಮೊದಲು ಕಸುಬು ಕೇಳು, ಆಮೇಲೆ ಕೈ ಹಾಕು."

ಮುದುಕರ ಹರಟೆ ಎಂದುಕೊಂಡೆ. ಆದರೂ ಅಭ್ಯಾಸ ಅಂಟಿಕೊಂಡಿತು. ಶಿವಮೊಗ್ಗಕ್ಕೆ ಮರಳಿ ಪೇಟೆ ಬೀದಿಯಲ್ಲಿ ಅಂಗಡಿ ಹಾಕಿದ ಮೇಲೂ ಬಂದವರನ್ನೆಲ್ಲ ಕೇಳುತ್ತಿದ್ದೆ. ಅಡಿಕೆ ಮಂಡಿಯ ಸಾಹುಕಾರರು, ಅಮಲ್ದಾರರ ಕಚೇರಿಯ ಗುಮಾಸ್ತರು, ಜಮೀನ್ದಾರರ ಮನೆಯ ಹೆಂಗಸರು ಎಲ್ಲರಿಗೂ ಆ ಪ್ರಶ್ನೆ ಹಿತವಾಗಿರುತ್ತಿತ್ತು. ಡಾಕ್ಟರು ನಮ್ಮನ್ನು ವಿಚಾರಿಸಿಕೊಳ್ಳುತ್ತಾರೆ ಎಂದು ಹೊರಗೆ ಹೋಗಿ ಹೊಗಳುತ್ತಿದ್ದರು. ನನಗೂ ಹೊಗಳಿಕೆ ಎಂದರೆ ಮೊದಲಿನಿಂದ ಸ್ವಲ್ಪ ಆಸೆ.

ನನ್ನ ಬಾಲ್ಯದ ಗೆಳೆಯನೊಬ್ಬ ಭದ್ರಾವತಿಯಲ್ಲಿ ಸ್ಕೂಲ್ ಮೇಷ್ಟ್ರಾಗಿದ್ದ. ಒಂದು ಸಂಜೆ ಬಂದವನು, "ಮಾರಾಯ, ನಮ್ಮೂರಿನ ಕಬ್ಬಿಣದ ಕಾರ್ಖಾನೆ ಕೂಲಿಗಳು ಹಲ್ಲುನೋವಿಗೆ ಹೊಗೆಸೊಪ್ಪು ಇಟ್ಕೊಂಡು ನರಳ್ತಾ ಬಿದ್ದಿರ್ತಾರೆ. ಭಾನುವಾರ ಸುಮ್ನೆ ಮನೇಲಿ ನಿದ್ದೆ ಹೊಡೀತೀಯಲ್ಲ, ಬಂದು ಧರ್ಮಕ್ಕೆ ಒಂದಿಷ್ಟು ಕಿತ್ತು ಹೋಗು" ಎಂದ. ನಾನು ಒಪ್ಪಿದೆ. ಬೆಳಗಿನ ರೈಲಿಗೆ ಹೋಗುವುದು, ಅವನ ಶಾಲೆಯ ಜಗಲಿಯ ಮೇಲೆ ಕುರ್ಚಿ ಹಾಕುವುದು, ಸಂಜೆಯ ರೈಲಿಗೆ ವಾಪಸ್ಸು.

ಕಾಲಿನಲ್ಲಿ ತುಳಿದು ಹಲ್ಲು ಕೊರೆಯುವ ಯಂತ್ರವನ್ನು ರೈಲಿನಲ್ಲಿ ಹೊರಲಾಗುತ್ತಿರಲಿಲ್ಲ. ಆದ್ದರಿಂದ ಚೀಲದಲ್ಲಿ ಇಕ್ಕಳ, ಸೂಜಿಮದ್ದು, ಹತ್ತಿ ಮಾತ್ರ. ಶಿವಮೊಗ್ಗದಲ್ಲಿ ಸೋಮವಾರ ಕೊರೆದು, ತುಂಬಿಸಿ, ಉಳಿಸುತ್ತಿದ್ದಂಥ ಹಲ್ಲನ್ನೇ ಭದ್ರಾವತಿಯಲ್ಲಿ ಭಾನುವಾರ ಕಿತ್ತು ಹಾಕುತ್ತಿದ್ದೆ. ಇದರಲ್ಲಿ ತಪ್ಪಿದೆ ಎಂದು ನನಗೆ ಅನ್ನಿಸಲೇ ಇಲ್ಲ. ನೋವಿನಲ್ಲಿ ಬಂದವನು ನೋವಿಲ್ಲದೆ ಹೋದ, ಇನ್ನೇನು ಬೇಕು? ಕಿತ್ತ ಹಲ್ಲುಗಳು ಒಂದು ಪಿಂಗಾಣಿ ಬೋಗುಣಿಗೆ ಬೀಳುತ್ತಿದ್ದವು. ಮಧ್ಯಾಹ್ನದ ಹೊತ್ತಿಗೆ ಮೇಷ್ಟ್ರು ಅದನ್ನೆತ್ತಿ ಊರ ದೊಡ್ಡವರಿಗೆ ತೋರಿಸುತ್ತಿದ್ದ. ನಾನು ನೋಡಿಯೂ ನೋಡದವನಂತೆ ಕೈ ತೊಳೆಯುತ್ತಿದ್ದೆ. ಒಳಗೆ ಎಂಥ ಜಂಭ, ಥೂ!

ಆ ಜಗಲಿಯಲ್ಲಿ ಕಸುಬು ಕೇಳುವುದನ್ನು ಯಾವಾಗ ಬಿಟ್ಟೆನೋ ನೆನಪಿಲ್ಲ. ಬಂದವರೆಲ್ಲ ಕಾರ್ಖಾನೆಯವರು, ತಮಿಳಿನವರು, ತೆಲುಗಿನವರು, ಕುಂಸಿ ಕಡೆಯಿಂದ ಬಂದು ಸೇರಿದವರು. ಕೈ ನೋಡಿದರೆ ಇದ್ದಿಲು, ಬಟ್ಟೆ ನೋಡಿದರೆ ಮಸಿ. ಇನ್ನು ಕೇಳುವುದೇನು? ಅದೂ ಅಲ್ಲದೆ ಸಾಲು ಗೇಟಿನಾಚೆಗೂ ಹೋಗಿರುತ್ತಿತ್ತು.

ದಸರಾ ಕಳೆದ ಮೇಲಿನ ಒಂದು ಭಾನುವಾರ, ಮೇಲ್ದುಟಿ ಬಾತುಕೊಂಡ ಒಬ್ಬ ಗಂಡಸು ಬಂದು ಕೂತ. ಮೂವತ್ತೈದರ ಪ್ರಾಯ, ಉಗುರಿನ ಸಂದಿಯಲ್ಲೆಲ್ಲ ಇದ್ದಿಲು. ಮೇಲಿನ ಸಾಲಿನ ಮುಂದಿನ ಮೂರು ಹಲ್ಲುಗಳ ಬುಡದಲ್ಲಿ ಕೀವು, ಮುಟ್ಟಿದರೆ ಅಲ್ಲಾಡುತ್ತಿದ್ದವು.

"ಸಾಮಿ, ಒಂದು ಮಾತು..." ಎಂದ.

"ಆಮೇಲೆ ಹೇಳಪ್ಪ, ಈಗ ಬಾಯಿ ತೆಗಿ" ಎಂದೆ.

ತೆಗೆದ. ಮೂರನ್ನೂ ಕಿತ್ತೆ. ಸಲೀಸಾಗಿ ಬಂದವು. ಗುರುಗಳಾಗಿದ್ದರೆ ಕೀವು ತೆಗೆದು, ಒಸಡು ಕೆರೆದು ಚೊಕ್ಕಟ ಮಾಡಿ, ಉಪ್ಪುನೀರು ಮುಕ್ಕಳಿಸಲು ಹೇಳಿ, ಹದಿನೈದು ದಿನ ಬಿಟ್ಟು ಬಾ ಎನ್ನುತ್ತಿದ್ದರು. ಹೆಚ್ಚೆಂದರೆ ಒಂದು ಹೋಗುತ್ತಿತ್ತು. ಇದು ಆಗಲೂ ನನಗೆ ಗೊತ್ತಿತ್ತು. ಗೊತ್ತಿದ್ದೂ ಕಿತ್ತೆ.

ಅವನು ರಕ್ತ ಉಗಿದು, ಹತ್ತಿ ಕಚ್ಚಿಕೊಂಡು, ತೊದಲುತ್ತಾ ಕೇಳಿದ: "ಸಾಮಿ, ನಾಗಸ್ವರ ಯಾವಾಗಿಂದ ಊದಬಹುದು?"

"ನಾಗಸ್ವರವಾ?" ಎಂದೆ. ಅವನು ಎದೆಯ ಮುಂದೆ ಎರಡೂ ಕೈ ಹಿಡಿದು ಬೆರಳಾಡಿಸಿ ತೋರಿಸಿದ. "ವಾಸಿಯಾಗಲಿ, ಊದಬಹುದು" ಎಂದು ನಾಲಗೆಯ ತುದಿಯಿಂದ ಹೇಳಿ ಸಾಲಿನಲ್ಲಿ ಹಿಂದಿದ್ದವನನ್ನು ಕರೆದೆ. ಹೇಡಿ ಎಂದರೆ ಹೇಡಿ.

ಸಂಜೆ ಸ್ಟೇಷನ್ನಿನಲ್ಲಿ ಮೇಷ್ಟ್ರು ಎಲ್ಲ ಹೇಳಿದ. ಆತನ ಅಪ್ಪ, ಅಜ್ಜ ಎಲ್ಲ ಮಂಗಳವಾದ್ಯದವರು. ಹೊಟ್ಟೆಪಾಡಿಗೆ ಭದ್ರಾವತಿಗೆ ಬಂದು ಇದ್ದಿಲು ಹೊರುತ್ತಿದ್ದಾನೆ, ಇದ್ದಿಲ ಧೂಳಿಗೆ ಎದೆ ಕಟ್ಟಿ ಕೆಮ್ಮು ಹಿಡಿದಿದೆ. ಶಿವಮೊಗ್ಗದ ಒಂದು ದೇವಸ್ಥಾನದಲ್ಲಿ ನಾಗಸ್ವರದವರು ಮುದುಕರಾಗಿ ಉಸಿರು ಸಾಲದಾಗಿದೆ. ಬರುವ ಧನುರ್ಮಾಸದ ಬೆಳಗಿನ ಪೂಜೆಗೆ ಬಂದು ಊದು, ಮೆಚ್ಚುಗೆಯಾದರೆ ಇಲ್ಲೇ ಇಟ್ಟುಕೊಳ್ಳುತ್ತೇವೆ ಎಂದು ಧರ್ಮದರ್ಶಿಗಳು ಮಾತು ಕೊಟ್ಟಿದ್ದಾರೆ. ಅದೊಂದು ಸಿಕ್ಕಿದರೆ ಇದ್ದಿಲಿನಿಂದ ಬಿಡುಗಡೆ.

"ಇಷ್ಟೆಲ್ಲ ಗೊತ್ತಿದ್ದು ಒಂದು ಮಾತು ಹೇಳಬಾರದಾ ಮಾರಾಯ?" ಎಂದು ಅವನ ಮೇಲೆ ಹಾರಿಬಿದ್ದೆ.

"ನೀನು ಕೇಳಿದ್ಯಾ?" ಎಂದ.

ಆ ವಾರ ನಾನು ಮನೆಯಲ್ಲಿ ಎಲ್ಲರ ಮೇಲೂ ಕೆಂಡ ಕಾರಿದೆ. ಸಾರಿಗೆ ಉಪ್ಪು ಹೆಚ್ಚು, ಅನ್ನ ಮುದ್ದೆ, ಒಂದಲ್ಲ ಎರಡಲ್ಲ. ಕೊನೆಗೆ ಹೆಂಡತಿ ವಿಷಯ ಬಿಡಿಸಿಕೊಂಡಳು. "ಕಿತ್ತದ್ದಾಯ್ತಲ್ಲ, ಈಗ ಕಟ್ಟಿಕೊಡಿ. ನನ್ನ ಸಾರಿನ ಮೇಲೆ ರೇಗಾಡಿದ್ರೆ ಅವರಿಗೆ ಹಲ್ಲು ಬರುತ್ತಾ?" ಎಂದಳು. ಆ ನಾಗಸ್ವರದವನನ್ನು ಕಳಿಸು ಎಂದು ಮರುದಿನವೇ ಮೇಷ್ಟ್ರಿಗೆ ಹೇಳಿಕಳಿಸಿದೆ.

ಆತ ಬಂದರು. ಹೌದು, ಈಗ ನನ್ನ ಬಾಯಲ್ಲಿ ಬಹುವಚನ ತಾನಾಗಿ ಬಂತು, ಅದಕ್ಕೂ ನಾಚಿಕೆಯಾಯಿತು. ಅಂಗಡಿಯ ಒಳ್ಳೆಯ ಕುರ್ಚಿಯಲ್ಲಿ ಕೂರಿಸಿ, "ತಪ್ಪಾಯ್ತು, ಹಲ್ಲು ಕಟ್ಟಿಕೊಡ್ತೀನಿ, ಒಂದು ಕಾಸೂ ಬೇಡ" ಎಂದೆ. ಕೈ ಮುಗಿಯುತ್ತಾರೆ ಎಂದುಕೊಂಡಿದ್ದೆ. ಅವರು ಮುಗಿಯಲಿಲ್ಲ.

"ದುಡ್ಡು ಕೊಟ್ಟು ಈ ಕುರ್ಚೀಲಿ ಕೂತಿದ್ರೆ ನೀವು ಕೇಳ್ತಿದ್ರಿ ಸಾಮಿ" ಎಂದರು. "ಧರ್ಮಕ್ಕೆ ಬಂದೋನು ನಾನು, ನನ್ನನ್ನೇನು ಕೇಳೋದು? ಒಂದು ಮಾತು ಅಂದೆ. ನೀವು ಬಾಯಿ ತೆಗಿ ಅಂದ್ರಿ. ದೊಡ್ಡೋರು ಪುಕ್ಕಟೆ ಮಾಡ್ತಾವ್ರೆ, ಎದುರು ಹೇಳಬಾರದು ಅಂತ ತೆಗೆದೆ."

ಅವರು ದನಿ ಏರಿಸಲಿಲ್ಲ. ಏರಿಸಿದ್ದರೆ ನಾನೂ ಏರಿಸಿ ತಪ್ಪಿಸಿಕೊಳ್ಳುತ್ತಿದ್ದೆನೇನೋ. ಮೇಣ ಬಿಸಿ ಮಾಡುತ್ತಾ ತಲೆ ತಗ್ಗಿಸಿ ನಿಂತೆ. ಅಚ್ಚು ತೆಗೆದು, ಅಂಗುಳಿಗೆ ಕೂರುವ ಕೆಂಪು ರಬ್ಬರಿನ ತಟ್ಟೆಗೆ ಮೂರು ಪಿಂಗಾಣಿ ಹಲ್ಲು ಕೂರಿಸಿದೆ. ಸಾಹುಕಾರರಿಗೂ ಅಂಥ ನಾಜೂಕು ಕೆಲಸ ಮಾಡಿದವನಲ್ಲ. ಆದರೆ ಕಿತ್ತ ಜಾಗ ಒಣಗಿ ಕುಗ್ಗಲು ಆರು ತಿಂಗಳಾದರೂ ಬೇಕು. ನಮ್ಮ ಮುಂದೆ ಇದ್ದದ್ದು ಎರಡು ತಿಂಗಳೂ ಇಲ್ಲ. ಇಂದು ಸರಿಯಾಗಿ ಕೂತ ತಟ್ಟೆ ಮುಂದಿನ ವಾರ ಸಡಿಲ. ಅವರು ಪಾಳಿ ಮುಗಿಸಿ ರೈಲು ಹತ್ತಿ ಬರುವುದು, ನಾನು ಉಜ್ಜಿ, ತುಂಬಿ, ಮತ್ತೆ ಅಚ್ಚು ತೆಗೆಯುವುದು. ನಮ್ಮಿಬ್ಬರ ನಡುವೆ ಮಾತು ಹೆಚ್ಚೇನೂ ಇರಲಿಲ್ಲ. ಒಮ್ಮೆ ನನ್ನ ಹೆಂಡತಿ ಕಾಫಿ ಕೊಟ್ಟಾಗ ಮಾತ್ರ ಅವರ ಮುಖ ಸ್ವಲ್ಪ ಸಡಿಲವಾಯಿತು. "ತೋಡಿ ರಾಗ ಊದ್ತೀನಮ್ಮ, ಕೇಳೋಕೆ ಬರಬೇಕು ನೀವು" ಎಂದರು. ಅವಳು ಆಗಲಿ ಎಂದಳು. ಆ ರಾತ್ರಿ ನಾನು ದೇವರ ಮುಂದೆ ಎಂದಿಗಿಂತ ಹೆಚ್ಚು ಹೊತ್ತು ನಿಂತೆ.

ಧನುರ್ಮಾಸಕ್ಕೆ ಮೂರು ದಿನವಿರುವಾಗ ಕೊನೆಯ ತಟ್ಟೆ ಕೂರಿಸಿದೆ. ಅವರು ನಾಗಸ್ವರವನ್ನು ಚೀಲದಿಂದ ತೆಗೆದು, ಓಲೆಯ ಪೀಪಿಯನ್ನು ತುಟಿಗಿಟ್ಟು ಊದಿದರು. ಬಂತು! ಅಯ್ಯೋ, ಎಂಥ ನಾದ. ಮಂದ್ರದಲ್ಲಿ ನಿಧಾನವಾಗಿ ಹರಿದು ನನ್ನ ಸಣ್ಣ ಅಂಗಡಿ ತುಂಬಿಹೋಯಿತು. ಬೀದಿಯಲ್ಲಿ ಹೋಗುವವರು ನಿಂತರು, ಎದುರಿನ ಹೂವಿನವಳು ಕಟ್ಟುವುದನ್ನು ಬಿಟ್ಟು ನೋಡಿದಳು. ನಾನು ಮೂರ್ಖನಂತೆ ನಗುತ್ತಿದ್ದೆ. ಬದುಕಿಕೊಂಡೆ ಎಂದುಕೊಂಡೆ.

ಸ್ವರ ಮೇಲಕ್ಕೆ ಏರಿತು. ಉಸಿರಿನ ಒತ್ತಡಕ್ಕೆ ತಟ್ಟೆ ಮೆಲ್ಲನೆ ಎದ್ದಿತು. ನಾದ ಸೀಳಿ ಬರೀ ಗಾಳಿಯಾಯಿತು. ಅವರು ಹೆಬ್ಬೆರಳಿನಿಂದ ಹಲ್ಲನ್ನು ಒತ್ತಿ ಕೂರಿಸಿ ಮತ್ತೆ ಊದಿದರು, ಮತ್ತೆ ಅದೇ ಜಾಗದಲ್ಲಿ ಸೀಳಿತು. ತಟ್ಟೆ ತೆಗೆದೂ ನೋಡಿದರು. ತುಟಿಗೆ ಹಲ್ಲಿನ ಆಸರೆಯಿಲ್ಲದೆ ಪಕ್ಕದಿಂದ ಉಗುಳು ಸುರಿಯಿತೇ ಹೊರತು ಸ್ವರ ಬರಲಿಲ್ಲ. ಬಾಗಿಲಲ್ಲಿ ನಿಂತಿದ್ದವರು ಒಬ್ಬೊಬ್ಬರಾಗಿ ಹೊರಟರು.

"ಇನ್ನೊಂದು ಸಲ ಅಚ್ಚು ತೆಗೀತೀನಿ" ಎಂದೆ. ನನ್ನ ದನಿ ನನಗೇ ಹಿಡಿಸಲಿಲ್ಲ.

ಅವರು ಪೀಪಿಯನ್ನು ಒರೆಸಿ, ನಾಗಸ್ವರವನ್ನು ಚೀಲಕ್ಕೆ ಹಾಕಿ ದಾರ ಬಿಗಿದರು. ಆಮೇಲೆ ತಟ್ಟೆಯನ್ನು ಅಂಗೈಯಲ್ಲಿಟ್ಟುಕೊಂಡು ನೋಡಿದರು.

"ಇದ್ರಲ್ಲಿ ಅನ್ನ ಉಣ್ಣಬಹುದಾ ಸಾಮಿ?"

"ಉಣ್ಣಬಹುದು."

"ಊಟಕ್ಕಾಯ್ತು, ಬಿಡಿ" ಎಂದು ಅದನ್ನು ಬಾಯಿಗೆ ಸಿಕ್ಕಿಸಿಕೊಂಡರು. "ನಾಳೆ ಬೆಳಿಗ್ಗೆ ಪಾಳಿ ಐತೆ. ರೈಲು ಎಷ್ಟು ಹೊತ್ತಿಗೆ?"

ಹೇಳಿದೆ. ಮೆಟ್ಟಿಲಿಳಿಯುವವರ ಹಿಂದೆಯೇ ಹೋದೆ. ಕಾಲು ಹಿಡಿಯಬೇಕೆನ್ನಿಸಿತು, ಕೂಗಿ ಅಳಬೇಕೆನ್ನಿಸಿತು. ಎರಡೂ ಆಗಲಿಲ್ಲ. "ರಾತ್ರಿ ಬಿಚ್ಚಿ ನೀರಲ್ಲಿಡಿ" ಎಂದೆ, ಎಲ್ಲ ರೋಗಿಗಳಿಗೆ ಹೇಳುವ ಹಾಗೆ. ಅವರು ಆಗಲಿ ಎಂದು ತಲೆಯಾಡಿಸಿ, ಚೀಲವನ್ನು ಕಂಕುಳಲ್ಲಿಟ್ಟುಕೊಂಡು ಸ್ಟೇಷನ್ನಿನ ಕಡೆ ನಡೆದರು.