‘ಏನಿಲ್ಲ’ ಎನ್ನುವ ಆಯಮ್ಮನ ಬೆನ್ನು

ಆಸ್ಪತ್ರೆಯ ಮೂಳೆ ವಾರ್ಡಿನಲ್ಲಿ ಇಪ್ಪತ್ತೆರಡು ವರ್ಷ ಆಯಾ ಕೆಲಸ ಮಾಡಿದವಳ ಬಾಯಲ್ಲಿ ದಿನಕ್ಕೆ ನೂರು ಸಲ ಬರುತ್ತಿದ್ದ ಮಾತು ಒಂದೇ: “ಏನಿಲ್ಲ, ಏನಿಲ್ಲ, ಆಗೋಯ್ತು.” ಸೂಜಿ ಕಂಡು ಬೆವರುವ ಪೈಲ್ವಾನನಿಗೂ ಅದೇ, ಬೆಡ್‌ಪ್ಯಾನ್ ಕೇಳಲು ನಾಚುವ ಅಜ್ಜಿಗೂ ಅದೇ. ರೋಗಿಗಳಿಗೆಲ್ಲ ಅವಳು ಆಯಮ್ಮ. ಎದ್ದು ಕೂರಲಾಗದವರನ್ನು ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಬೇಕು, ಇಲ್ಲದಿದ್ದರೆ ಬೆನ್ನು ಹುಣ್ಣಾಗುತ್ತದೆ. ಒಬ್ಬ ರೋಗಿಯನ್ನು ಇಬ್ಬರು ಸೇರಿ ಎತ್ತಬೇಕು ಎಂಬ ನಿಯಮ ಗಾಜಿನ ಚೌಕಟ್ಟಿನೊಳಗೆ ಗೋಡೆಯ ಮೇಲೆ ತಣ್ಣಗೆ ನೇತಾಡುತ್ತಿತ್ತು. ಹಾಸಿಗೆಯ ಪಕ್ಕದಲ್ಲಿ ಮಾತ್ರ ಯಾವಾಗಲೂ ಅವಳೊಬ್ಬಳೇ.

ಹೀಗೆ ಕಂಡವರ ಬೆನ್ನು ಕಾಯುತ್ತ ಕಾಯುತ್ತ ತನ್ನ ಬೆನ್ನು ಕಳೆದುಕೊಂಡಳು. ಎರಡು ವರ್ಷದಿಂದ ಸೊಂಟನೋವು. ಕೂತರೆ ಜಾಸ್ತಿ, ಬಗ್ಗಿದರೆ ಜೀವ ಹೋದ ಹಾಗೆ. ಮಾತ್ರೆ, ಮುಲಾಮು, ಬೆಲ್ಟು, ವ್ಯಾಯಾಮ ಎಲ್ಲ ಮುಗಿಯಿತು. ಸ್ಕ್ಯಾನಿನಲ್ಲಿ ಎರಡು ಡಿಸ್ಕು ಸವೆದದ್ದು ಕಂಡಿತು. ವಾರ್ಡಿನ ಹಿರಿಯ ಸಿಸ್ಟರ್ ಅದನ್ನೂ ಗಾಳಿಗೆ ತೂರಿದರು.

“ಈ ವಯಸ್ಸಿಗೆ ಯಾರ ಸ್ಕ್ಯಾನ್ ತೆಗೆದ್ರೂ ಡಿಸ್ಕ್ ಸವೆದಿರುತ್ತೆ. ಕೆಲಸ ಹೇಳಿದಾಗ ಮಾತ್ರ ಬರೋ ನೋವಿಗೆ ನಾಟಕ ಅಂತಾರೆ.”

ಈ ಮಾತಿನಲ್ಲಿ ಅರ್ಧ ನಿಜವಿತ್ತು, ಅದೇ ಅದರ ವಿಷ. ಡಿಸ್ಕು ಸವೆದವರೆಲ್ಲ ನರಳುವುದಿಲ್ಲ. ಹಾಗಂತ ನರಳುವವರೆಲ್ಲ ಸುಳ್ಳರಾಗುತ್ತಾರೆಯೇ? ಆಗುತ್ತಾರೆ, ಕೆಳಗಿನ ಕೆಲಸದವರಾದರೆ.

ಬೆನ್ನಿನ ಡಾಕ್ಟರು ಮಾತ್ರ ಅವಳನ್ನು ಕೂರಿಸಿ ಬಿಡಿಸಿ ಹೇಳಿದರು. “ಮೂಳೆ ಮೂಳೆ ನಡುವೆ ಇರೋ ಮೆತ್ತೆನೇ ಡಿಸ್ಕ್. ಸವೆದಿರೋದು ಎರಡು, ಆದ್ರೆ ನೋಯಿಸ್ತಿರೋದು ಯಾವುದು ಅಂತ ಫೋಟೋ ಹೇಳಲ್ಲ. ಅದಕ್ಕೆ ಒಂದೊಂದಕ್ಕೂ ಸೂಜಿ ಹಾಕಿ ಬಣ್ಣದ ಔಷಧಿ ಬಿಡ್ತೀನಿ. ಹೋಲಿಸಿ ನೋಡೋಕೆ ಚೆನ್ನಾಗಿರೋ ಒಂದಕ್ಕೂ ಬಿಡ್ತೀನಿ. ಯಾವುದಕ್ಕೆ ಅಂತ ನಿಮಗೆ ಹೇಳಲ್ಲ. ನಿಮ್ಮ ದಿನದ ನೋವೇ ಬಂತಾ, ಬೇರೆ ಥರದ್ದಾ, ಏನೂ ಇಲ್ವಾ, ಅಷ್ಟು ನೀವು ಹೇಳ್ಬೇಕು. ಒಂದೇ ಅಂತ ಗೊತ್ತಾದ್ರೆ ಆಪರೇಷನ್ ಅದೊಂದಕ್ಕೇ ಸಾಕು. ಯಾವುದೂ ಅಲ್ಲ ಅಂದ್ರೆ ನಾನು ಕೈ ಹಾಕಲ್ಲ.”

ಯಾವುದೂ ಅಲ್ಲ ಎಂದಾದರೆ ಸಿಸ್ಟರ್ ಗೆದ್ದ ಹಾಗೆ. ಮತ್ತೆ ಅದೇ ಹಾಸಿಗೆಗಳು, ಅದೇ ಒಂಟಿ ಎತ್ತಾಟ, ಮೇಲೆ ಸುಳ್ಳಿ ಎಂಬ ಬಿರುದು ಬೇರೆ.

ಪರೀಕ್ಷೆಯ ಬೆಳಿಗ್ಗೆ ಬಾಗಿಲ ತನಕ ಬಂದ ಮಗಳು ತಡೆದು ನಿಲ್ಲಿಸಿದಳು. “ಅಮ್ಮಾ, ಒಳಗೆ ಹೋಗಿ ನಿನ್ನ ಆ ‘ಏನಿಲ್ಲ’ ಶುರು ಮಾಡ್ಬೇಡ.”

“ಹೋಗೇ, ನಾನೇನು ಮಗೂನಾ?”

“ಮಗು ಆಗಿದ್ರೆ ಅತ್ತಾದ್ರೂ ಹೇಳ್ತಿದ್ದೆ.”

ಬೋರಲು ಮಲಗಿಸಿ, ಸೊಂಟದ ಚರ್ಮಕ್ಕೆ ಮರಗಟ್ಟುವ ಔಷಧಿ ಕೊಟ್ಟರು. ಎಚ್ಚರ ತಪ್ಪಿಸಲಿಲ್ಲ. ಈ ಕೋಣೆಗೆ ಅವಳು ಎಷ್ಟೋ ಜನರನ್ನು ತಳ್ಳಿಕೊಂಡು ಬಂದಿದ್ದಳು, ಈ ಟೇಬಲ್ಲಿನಿಂದ ನೆಲ ಹೇಗೆ ಕಾಣುತ್ತದೆಂದು ತಿಳಿದದ್ದು ಇವತ್ತೇ. ಮೂಲೆಯಲ್ಲಿ ಒರೆಸದೆ ಬಿಟ್ಟ ಧೂಳು ಕಂಡು ಕೈ ತುರಿಸಿತು. ಎಕ್ಸ್‌ರೇ ಪರದೆ ನೋಡುತ್ತ ಡಾಕ್ಟರು ಸೂಜಿಗಳನ್ನು ಒಂದೊಂದಾಗಿ ಇಳಿಸಿದರು.

ಮೊದಲನೆಯದಕ್ಕೆ ಔಷಧಿ ಬಿಟ್ಟಾಗ, “ಒತ್ತಿದ ಹಾಗಿದೆ, ಅಷ್ಟೇ” ಎಂದಳು. ಅದು ನಿಜವೇ.

ಎರಡನೆಯದು ಬೆಂಕಿಯಂತೆ ಎದ್ದಿತು. ಎರಡು ವರ್ಷದಿಂದ ಬೆನ್ನು ಬಿಡದ ಅದೇ ಶನಿ, ಕೂಗಿ ಕರೆದಂತೆ ಎದುರಿಗೆ ಬಂದು ನಿಂತಿತು. ಆಗ ಅವಳ ಬಾಯಿಂದ ಬಂದದ್ದೇನು?

“ಏನಿಲ್ಲ ಸಾರ್, ಏನಿಲ್ಲ. ನೀವು ಗಾಬರಿ ಆಗ್ಬೇಡಿ, ಆಗೋಯ್ತು.”

ಡಾಕ್ಟರು ಮುಂದಿನ ಸೂಜಿಯತ್ತ ಕೈ ಒಯ್ದರು. ಅವಳ ಕಾಲ ಬಳಿ ನಿಂತಿದ್ದ ಎಕ್ಸ್‌ರೇ ಟೆಕ್ನಿಷಿಯನ್ ತಡೆದ. “ಸಾರ್, ಬಾಯಿ ಏನಿಲ್ಲ ಅಂತಿದೆ. ಕಾಲ್ಬೆರಳು ನೋಡಿ, ಮುದುರ್ಕೊಂಡಿದೆ.”

ಡಾಕ್ಟರು ಕೈ ನಿಲ್ಲಿಸಿ ಅವಳ ಮುಖದ ಹತ್ತಿರಕ್ಕೆ ಬಗ್ಗಿದರು. “ಆಯಮ್ಮಾ, ಇಲ್ಲಿ ರೋಗಿ ನಾನಲ್ಲ, ನೀವು. ನನ್ನನ್ನ ಸಮಾಧಾನ ಮಾಡ್ಬೇಡಿ. ತಡ್ಕೊಂಡೋರಿಗೆ ಇಲ್ಲಿ ಬಹುಮಾನ ಕೊಡಲ್ಲ. ನೀವು ಏನಿಲ್ಲ ಅಂದ್ರೆ ನಾನೂ ‘ಏನಿಲ್ಲ’ ಅಂತಲೇ ಬರೀಬೇಕಾಗುತ್ತೆ.”

ಆ ಕೊನೆಯ ಮಾತು ಸೂಜಿಗಿಂತ ಆಳಕ್ಕೆ ಇಳಿಯಿತು. ಇಡೀ ಆಸ್ಪತ್ರೆ ಇಪ್ಪತ್ತೆರಡು ವರ್ಷ ಅವಳ ಬೆನ್ನಿನ ಮೇಲೆ ಬರೆದದ್ದೂ ಅದನ್ನೇ ಅಲ್ಲವೇ? ಬಡವರ ತಾಳ್ಮೆಯನ್ನು ಹೊಗಳಿ ಹೊಗಳಿಯೇ ಅವರ ಬಾಯಿ ಹೊಲಿಯುವವರು ಬೇಕಾದಷ್ಟಿದ್ದಾರೆ. ಅವರ ಕೈಗೆ ಸೂಜಿದಾರವನ್ನು ತಾನೇ ಕೊಡುತ್ತ ಬಂದಿದ್ದಳು.

“ತಪ್ಪಾಯ್ತು ಸಾರ್. ಅದಕ್ಕೇ ಇನ್ನೊಂದು ಸಲ ಬಿಡಿ.”

ಅವರು ಒಂದಿಷ್ಟೇ ಬಿಟ್ಟರು.

“ಅಯ್ಯಮ್ಮಾ! ಇದೇ! ಇದೇ ಸಾರ್ ನನ್ ನೋವು! ಎಡಸೊಂಟದಿಂದ ತೊಡೆಗೆ ಇಳಿಯುತ್ತಲ್ಲ, ಅದೇ ದಾರಿ!” ಆ ಕೂಗಿಗೆ ಹೊರಗೆ ಕೂತಿದ್ದ ಮಗಳು ಎದ್ದು ನಿಂತಳು. ಅವಳ ಮುಖದಲ್ಲಿ ಗಾಬರಿಗಿಂತ ಖುಷಿಯೇ ಹೆಚ್ಚಿತ್ತು.

ಮೂರನೆಯದಕ್ಕೆ ಬಿಟ್ಟಾಗ ಆಯಮ್ಮ, “ಏನಿಲ್ಲ” ಎಂದಳು.

“ನಿಜವಾಗ್ಲೂ?”

“ಬೇಕಾದ್ರೆ ಬೆರಳು ನೋಡ್ಕೊಳ್ಳಿ.”

ಪರದೆಯೂ ಸಾಕ್ಷಿ ಹೇಳಿತು. ಎರಡನೆಯ ಡಿಸ್ಕಿನ ಬಿರುಕಿನಿಂದ ಬಣ್ಣ ಹೊರಗೆ ಜಿನುಗಿತ್ತು. “ಪೂರ್ತಿ ಗುಣ ಆಗುತ್ತೆ ಅಂತ ಬರೆದು ಕೊಡಲಾರೆ. ಆದ್ರೆ ಎಲ್ಲಿ ಕೈ ಹಾಕ್ಬೇಕು ಅಂತ ಈಗ ಗೊತ್ತು” ಎಂದ ಡಾಕ್ಟರು ಆಪರೇಷನ್ನಿಗೆ ದಿನ ಗೊತ್ತುಮಾಡಿದರು. ಅಲ್ಲಿಯವರೆಗೆ ಭಾರ ಎತ್ತುವಂತಿಲ್ಲ ಎಂದು ಚೀಟಿಯಲ್ಲಿ ಬರೆದು, ಕೆಳಗೆ ಎರಡು ಗೆರೆ ಎಳೆದರು.

ವಾರ ಕಳೆದು ಆಯಮ್ಮ ಚೀಟಿ ಹಿಡಿದು ವಾರ್ಡಿಗೆ ಬಂದಳು. ಸಿಸ್ಟರ್ ಅದನ್ನು ಎರಡೆರಡು ಸಲ ಓದಿದರು. ನಾಲ್ಕನೇ ಹಾಸಿಗೆಯ ದಪ್ಪ ಮನುಷ್ಯನ ಮಗ್ಗುಲು ಬದಲಿಸುವ ಹೊತ್ತಾಗಿತ್ತು, ಇದ್ದದ್ದು ಅವಳ ಬದಲಿಗೆ ಬಂದ ಆಯಾ ಒಬ್ಬಳೇ. ಆಯಮ್ಮ ಗೋಡೆಯ ಮೇಲಿನ ಚೌಕಟ್ಟಿನತ್ತ ಕೈ ತೋರಿದಳು. ಸಿಸ್ಟರ್ ಮುಖ ಗಂಟಿಕ್ಕಿಕೊಂಡೇ ಹಾಸಿಗೆಯ ಆ ಬದಿಗೆ ಹೋಗಿ ನಿಂತರು.

“ಮಂಡಿ ಬಗ್ಗಿಸಿ, ಸೊಂಟ ಅಲ್ಲ” ಎಂದು ಆಯಮ್ಮ ತಲೆಯ ಕಡೆ ನಿಂತು ಎಣಿಸಿದಳು. “ಒಂದು, ಎರಡು, ಮೂರು!”

ಸಿಸ್ಟರ್ ಎತ್ತಿದರು. ಮರುಕ್ಷಣವೇ ಕೈ ಸೊಂಟಕ್ಕೆ ಹೋಯಿತು. “ಅಬ್ಬಬ್ಬಾ! ಏನಿಲ್ಲ, ಏನಿಲ್ಲ...”

ಆಯಮ್ಮ ಹತ್ತಿರ ಹೋಗಿ ಕುರ್ಚಿ ಎಳೆದು ಕೊಟ್ಟಳು.

“ಹಾಗನ್ಬೇಡಿ ಸಿಸ್ಟರ್. ಎಲ್ಲಿ ನೋವು, ಹೇಗಿದೆ, ಸರಿಯಾಗಿ ಹೇಳಿ. ನಾನು ನಂಬ್ತೀನಿ.”