ಬಾಯಿ ತುಂಬಿತ್ತು, ಟ್ಯಾಂಕು ಖಾಲಿ

ಪೈಪು ಇಟ್ಟಿದ್ದು ವ್ಯಾನಿನ ಟ್ಯಾಂಕಿಗೆ. ನೀರು ಚಿಮ್ಮಿದ್ದು ನನ್ನ ಮುಖಕ್ಕೆ.

"ತುಂಬ್ತು, ನಿಲ್ಸಿ!" ಎಂದು ಕೂಗಿದೆ. ನನ್ನ ಗಂಡ ನಲ್ಲಿ ನಿಲ್ಲಿಸಿದರು. ಅಷ್ಟು ದೊಡ್ಡ ಟ್ಯಾಂಕು ಇಷ್ಟು ಬೇಗ ತುಂಬಿತೇ? ಅನುಮಾನವೇನೋ ಬಂತು. ಆದರೆ ಆರ್.ಎಸ್. ಪುರಂ ಬಡಾವಣೆಯ ಟ್ರಾಫಿಕ್ ಶುರುವಾಗುವ ಮೊದಲು ಊರು ದಾಟಬೇಕಿತ್ತು. ಹೊರಟೆವು.

ಈ ವ್ಯಾನಿನ ವಿಷಯ ನಿಮಗೆ ಹೇಳಿಲ್ಲ ಅಲ್ಲವೇ? ಕುರಿಚಿಯ ಫೌಂಡ್ರಿಯೊಂದರಲ್ಲಿ ಇಂಜಿನಿಯರ್ ಆಗಿರುವ ನಮ್ಮವರು ಹಳೆಯ ವ್ಯಾನೊಂದನ್ನು ಓಡಾಡುವ ಮನೆಯಾಗಿಸಿದ್ದಾರೆ. ಮಲಗಲು ಹಲಗೆ, ಪುಟ್ಟ ಒಲೆ, ಸೀಟಿನಡಿ ನೀರಿನ ಟ್ಯಾಂಕು, ಹಿಂದೆ ಬೀರುವಿನಷ್ಟಗಲದ ಬಾತ್‌ರೂಮು. (ಒಳಗೆ ಹೋದವರು ತಿರುಗಬೇಕೆಂದರೆ ಹೊರಗೆ ಬರಬೇಕು!) ಇದೆಲ್ಲ ಅತ್ತೆಗಾಗಿ. ಅವರಿಗೆ ಸಕ್ಕರೆ ಕಾಯಿಲೆ, ಗಳಿಗೆಗೊಮ್ಮೆ ಬಾತ್‌ರೂಮು ಬೇಕು. ಬಸ್ಸು, ಕಾರು ಹತ್ತಿದರೆ ನಡುದಾರಿಯಲ್ಲಿ ಎಲ್ಲಿ ಹೋಗುವುದು? ಆ ಹೆದರಿಕೆಗೆ ತಾರಾಪುರಂ ಹತ್ತಿರದ ಹಳ್ಳಿಯಲ್ಲಿರುವ ತಂಗಿಯ ಮನೆಗೆ ಹೋಗುವುದನ್ನೇ ಬಿಟ್ಟಿದ್ದರು. ತಂಗಿಯ ಮೊಮ್ಮಗಳ ಮದುವೆಗೂ ಹೋಗಲಿಲ್ಲ; ಕೇಳಿದರೆ ಆಸೆಯಿಲ್ಲ ಎಂದಿದ್ದರು.

ಪಲ್ಲಡಂ ದಾಟಿ ನಿಲ್ಲಿಸಿದಾಗ ಅತ್ತೆ ಬಾತ್‌ರೂಮಿಗೆ ಹೋದರು. ನಲ್ಲಿ ಒಮ್ಮೆ ಉಗುಳಿ ಸುಮ್ಮನಾಯಿತು. ಪಂಪು ಮಾತ್ರ ಗುಂಯ್ ಎನ್ನುತ್ತಲೇ ಇತ್ತು.

"ಅಮ್ಮಿಣಿ, ತಣ್ಣಿ ಬರ್ತಿಲ್ಲ" ಎಂದು ಒಳಗಿನಿಂದ ನನ್ನನ್ನು ಕರೆದರು.

ಕುಡಿಯುವ ನೀರಿನ ಬಾಟಲಿ ಕೊಟ್ಟೆ. ಹೊರಬಂದಾಗ ಮುಖ ಇಳಿದುಹೋಗಿತ್ತು. ಮಗನಿಗೆ ಹೇಳಿದರು: "ವಂಡಿ ತಿರುಗ್ಸು ಸಾಮಿ. ಮನೆಗೆ ಹೋಗಣ. ಇದೆಲ್ಲ ಆಗಲ್ಲ ಅಂತ ನಾನ್ ಆಗ್ಲೇ ಹೇಳ್ಲಿಲ್ವಾ?"

ನಮ್ಮವರು ಪಂಪಿನದೇ ತಪ್ಪು ಎಂದು ಫ್ಯೂಸು, ವೈರು ಎಲ್ಲ ನೋಡಿದರು. ಸರಿಯಾಗಿಯೇ ಇದ್ದವು. ನಾನು ಸುಮ್ಮನಿರಲಾರದೆ ಟ್ಯಾಂಕನ್ನು ತಟ್ಟಿದೆ. ಢಣ್!

"ರೀ, ಇದು ಖಾಲಿ!"

"ಬಾಯಿ ತನಕ ತುಂಬಿತ್ತಲ್ಲೇ!"

ಪಕ್ಕದ ಬನಿಯನ್ ಕಂಪನಿಯ ವಾಚ್‌ಮನ್ ಅತ್ತೆಯ ಮುಖ ನೋಡಿ, "ಇಂಗೆ ಪುಡಿಚ್ಚುಕ್ಕೋಂಗ", ಇಲ್ಲೇ ಹಿಡಿದುಕೊಳ್ಳಿ, ಎಂದು ನೀರಿನ ಪೈಪು ಎಳೆದು ಕೊಟ್ಟರು. ಮತ್ತೆ ಅದೇ ಕಥೆ. ಟ್ಯಾಂಕು ನಾಲ್ಕು ಗುಟುಕು ಕುಡಿದು ನನ್ನ ಮುಖಕ್ಕೆ ಕಾರಿತು. ಸಿಟ್ಟು ಹೋಗಿ ಕುತೂಹಲ ಹುಟ್ಟಿತು. ಹೊಟ್ಟೆ ಖಾಲಿ ಇದ್ದೂ ವಾಂತಿ ಮಾಡುವುದೇಕೆ?

ಟ್ಯಾಂಕಿಗೆ ಕಿವಿಯಿಟ್ಟೆ. ಗುಳುಕ್, ಗುಳುಕ್. ಈ ಸದ್ದು ಅಡುಗೆಮನೆಯಲ್ಲಿ ಕೇಳಿದ್ದೇ! ಸಣ್ಣ ಬಾಯಿಯ ಬಾಟಲಿಗೆ ಎಣ್ಣೆ ಹುಯ್ಯುವಾಗ ಲಾಳಿಕೆ ಬಿಗಿಯಾಗಿ ಕೂತರೆ ಎಣ್ಣೆ ಇಳಿಯುವುದಿಲ್ಲ. ಲಾಳಿಕೆಯನ್ನು ಒಂಚೂರು ಎತ್ತಿದರೆ, ಒಳಗಿನ ಗಾಳಿ ಹೊರಬಂದು ಎಣ್ಣೆ ಇಳಿಯುತ್ತದೆ.

"ಇದರ ಗಾಳಿ ಎಲ್ಲಿಂದ ಹೊರಗೆ ಹೋಗತ್ತೆ?"

ನಮ್ಮವರು ತಕ್ಷಣ ವ್ಯಾನಿನಡಿ ನುಸುಳಿದರು. ಅಲ್ಲಿತ್ತು ಗಾಳಿಯ ಸಣ್ಣ ಕೊಳವೆ, ತುದಿಗೆ ಗಟ್ಟಿ ಮಣ್ಣು. ವ್ಯಾನು ಬೇಸಿಗೆಯೆಲ್ಲ ಶೆಡ್ಡಿನಲ್ಲಿ ನಿಂತಿದ್ದಾಗ ಕಣಜವೊಂದು ಅಲ್ಲಿ ಗೂಡು ಕಟ್ಟಿತ್ತು.

ಅವರು ಸ್ಕ್ರೂಡ್ರೈವರ್ ಎತ್ತಿದರೆ ಅತ್ತೆ ತಡೆದರು. "ಒಡೀಬೇಡ ಸಾಮಿ. ಕುಳವಿ ಗೂಡು. ಒಳಗೆ ಮರಿ ಇರ್ತದೆ."

ಆಗಷ್ಟೇ ನೀರಿಲ್ಲವೆಂದು ಕುಗ್ಗಿಹೋಗಿದ್ದವರ ಮಾತು ಇದು! ಕೊಳವೆಯ ತುದಿಯನ್ನಷ್ಟೇ ಕೊಯ್ದು, ಗೂಡಿನ ಸಮೇತ ಬೇವಿನ ಮರದ ಕವಲಿನಲ್ಲಿ ಸಿಕ್ಕಿಸಿದೆವು. ಮತ್ತೆ ನೀರು ಬಿಟ್ಟಾಗ ಕೊಳವೆಯ ಮುಂದೆ ಬೆರಳು ಹಿಡಿದೆ. ತಣ್ಣಗೆ ಗಾಳಿ ಬರುತ್ತಿತ್ತು. ಟ್ಯಾಂಕು ನಿಧಾನವಾಗಿ, ಪೂರ್ತಿ ತುಂಬಿತು. ಅತ್ತೆ ತಾವೇ ನಲ್ಲಿ ತಿರುಗಿಸಿ ನೋಡಿ, ಮುಖ ತೊಳೆದು ಬಂದು ಸೀಟಿನಲ್ಲಿ ಕೂತರು. "ಹೊರಡು" ಎಂದರು.

ತಂಗಿಯ ಮನೆ ತಲುಪಿದಾಗ ಅಕ್ಕತಂಗಿಯರು ಕೈ ಹಿಡಿದುಕೊಂಡು ಜಗಲಿಯಲ್ಲಿ ಕೂತರು. ಅಷ್ಟರಲ್ಲಿ ಬೀದಿಯ ಹೆಂಗಸರೆಲ್ಲ ವ್ಯಾನು ನೋಡಲು ಬಂದರು. ಹಾಸಿಗೆ ಯಾರಿಗೂ ಬೇಡ, ಒಲೆಯೂ ಬೇಡ. ಒಬ್ಬೊಬ್ಬರಾಗಿ ಬಾತ್‌ರೂಮಿನ ಬಾಗಿಲು ತೆರೆದು, ನಲ್ಲಿ ತಿರುಗಿಸಿ, ನೀರು ಬೀಳುವುದನ್ನು ನೋಡಿ ಇಳಿದರು. ಒಬ್ಬ ಅಜ್ಜಿ ಮೆಲ್ಲಗೆ ಕೇಳಿದರು: "ಇದ್ರಲ್ಲಿ ಪಳನಿಗೆ ಹೋಗ್ಬಹುದಾ ಕಣ್ಣು?"

"ನನಗೆ ಎಲ್ಲೂ ಹೋಗೋ ಆಸೆಯಿಲ್ಲ" ಎಂದು ನಮ್ಮ ಮನೆಯ ಹಿರಿಯ ಹೆಂಗಸರು ಹೇಳಿದಾಗಲೆಲ್ಲ ನಾವು ಹೇಗೆ ನಂಬಿಬಿಟ್ಟೆವು?