ತಂಗಿಯ ಊರಿಗೆ ನಾನು ನಡೆಸಿದ ದಂಡಯಾತ್ರೆ

ನಾನು ಓದಿದ್ದು ಏಳನೇ ಕ್ಲಾಸಿನವರೆಗೆ. ಆದರೂ ಯಾವ ದೇಶಕ್ಕೆ ಯಾರು ಸೈನ್ಯ ಕಳಿಸಬೇಕು, ಕಳಿಸಿದ ಮೇಲೆ ಎಷ್ಟು ವರ್ಷ ಇಟ್ಟಿರಬೇಕು ಎನ್ನುವುದನ್ನು ನನ್ನಷ್ಟು ಖಚಿತವಾಗಿ ಹೇಳುವವರು ದೊಡ್ಡಬಳ್ಳಾಪುರದಲ್ಲಿ ಇನ್ನೊಬ್ಬರಿರಲಿಲ್ಲ. ನನ್ನದು ಬೋರ್‌ವೆಲ್ ಮೋಟಾರ್ ರಿಪೇರಿ ಅಂಗಡಿ. ಸುಟ್ಟ ತಂತಿ ಕಿತ್ತು ಹೊಸ ತಾಮ್ರದ ತಂತಿ ಸುತ್ತುವುದಕ್ಕೆ ಕೈ ಬೇಕು, ಕಣ್ಣು ಬೇಕು, ಬಾಯಿ ಬೇಕಾಗಿಲ್ಲ. ನಾನು ಸುತ್ತಿಕೊಟ್ಟ ಮೋಟಾರು ಕೆಟ್ಟು ವಾಪಸ್ ಬಂದದ್ದು ಬಹಳ ಕಡಿಮೆ. ಆ ಹೆಮ್ಮೆ ಇವತ್ತಿಗೂ ಇದೆ. ಖಾಲಿ ಉಳಿದ ಬಾಯಿಗೆ ಮಾತ್ರ ಪ್ರಪಂಚದ ಉಸ್ತುವಾರಿ ವಹಿಸಿದ್ದೆ.

ಅಮೆರಿಕದ ಸೈನ್ಯ ಅಫ್ಘಾನಿಸ್ತಾನ ಬಿಟ್ಟು ಹೊರಟ ಸುದ್ದಿ ಬಂದ ದಿನ, ನನ್ನ ಅಂಗಡಿಯನ್ನೇ ಯಾರೋ ಮುಚ್ಚಿಸಿದಷ್ಟು ಸಿಟ್ಟು ಬಂತು. ನಮ್ಮ ತಾಲೂಕಿನದೇ ಮಧುರೆ ಕಡೆಯ ನಿವೃತ್ತ ಸೈನಿಕರೊಬ್ಬರು ಮೋಟಾರ್ ತಂದು ಬೆಂಚಿನ ಮೇಲೆ ಕೂತಿದ್ದರು. ಹರೆಯದಲ್ಲಿ ಶ್ರೀಲಂಕಾಕ್ಕೆ ಹೋದ ನಮ್ಮ ಶಾಂತಿ ಪಡೆಯಲ್ಲಿದ್ದವರು.

“ಇಪ್ಪತ್ತು ವರ್ಷ ಕೂತು ಏನ್ ಮಾಡಿದ್ರು ಯಜಮಾನ್ರೇ?” ಎಂದೆ. “ಯಾರ್ನ ಓಡ್ಸಿದ್ರೋ ಅವ್ರೇ ತಿರುಗಿ ಬಂದು ಕುರ್ಚಿ ಮೇಲೆ ಕೂತ್ರು. ನನ್ ಕೈಗೆ ಕೊಟ್ಟಿದ್ರೆ ಒಂದ್ ವಾರ ಸಾಕಿತ್ತು.”

“ನಾವೂ ಜಗಳ ಬಿಡ್ಸಕ್ಕೆ ಅಂತ್ಲೇ ಹೋಗಿದ್ದು ಕಣಪ್ಪ,” ಎಂದರು ಅವರು. “ಆಮೇಲೆ ನಾವೇ ಒಂದ್ ಕಡೆಯೋರ ಜೊತೆ ಹೊಡೆದಾಡ್ಕೊಂಡು ನಿಂತ್ವಿ. ಕೊನೆಗೆ ಒಬ್ರಿಗೊಬ್ರು ಆಗ್ದೇ ಇದ್ದೋರು ಇಬ್ರೂನೂ, ಮೊದ್ಲು ಈ ಇಂಡಿಯಾದೋರು ಹೋಗ್ಲಿ ಅಂದ್ರು.”

“ನೀವು ಬಿಗಿಯಾಗಿ ಹಿಡೀಲಿಲ್ಲ.”

“ಇರ್ಬೋದು. ಮೋಟಾರ್ ಯಾವತ್ತು ಕೊಡ್ತೀಯ?”

ವಾದದಲ್ಲಿ ನಾನೇ ಗೆದ್ದೆ ಎಂದುಕೊಂಡು ಅವತ್ತು ಇಬ್ಬರಿಗೂ ಟೀ ಹೇಳಿದೆ.

ಮುಂದಿನ ಬೇಸಿಗೆಯಲ್ಲಿ ತಂಗಿಯ ಫೋನ್ ಬಂತು. ಅವಳನ್ನು ಕೊಟ್ಟಿರುವುದು ದೇವನಹಳ್ಳಿ ತಾಲೂಕಿನ ಚನ್ನರಾಯಪಟ್ಟಣದ ಹತ್ತಿರದ ಒಂದು ಹಳ್ಳಿಗೆ. ಅವಳ ಗಂಡ ಮತ್ತು ಗಂಡನ ಅಣ್ಣ ಭಾಗವಾಗಿ ಬೇರೆ ಇದ್ದರೂ ಬೋರ್‌ವೆಲ್ ಒಂದೇ. ಒಂದು ದಿನ ಇವರ ತೋಟಕ್ಕೆ ನೀರು, ಒಂದು ದಿನ ಅವರದಕ್ಕೆ. ಇವರ ಸರದಿಯಲ್ಲೂ ಅಣ್ಣನವರು ಅರ್ಧ ದಿನ ತಮ್ಮ ಕಡೆಗೆ ತಿರುಗಿಸಿಕೊಳ್ಳುತ್ತಿದ್ದರು. ಹಿಪ್ಪುನೇರಳೆ ಬಾಡಿ, ತಂಗಿ ಸಾಕಿದ ರೇಷ್ಮೆಹುಳುವಿಗೆ ಸೊಪ್ಪು ಸಾಲುತ್ತಿರಲಿಲ್ಲ.

“ಸುಮ್ನೆ ಹೇಳ್ಕೊಂಡೆ ಕಣಣ್ಣ. ನಮ್ಮತ್ತೆ ಕೈಲಿ ಒಂದ್ ಮಾತು ಹೇಳಿಸ್ತೀನಿ. ನೀನು ಬರ್ಬೇಡ,” ಎಂದಳು.

ಬರಬೇಡ ಎಂದದ್ದನ್ನು ನಾನು ಸಂಕೋಚ ಎಂದು ತಿಳಿದೆ. ಮಾರನೇ ಬೆಳಗ್ಗೆ ನಾಲ್ವರು ನೆಂಟರನ್ನು ಗೂಡ್ಸ್ ಆಟೋಗೆ ಹತ್ತಿಸಿಕೊಂಡು ಹೊರಟೆ. ಮೋಟಾರ್ ಚಾಲೂ ಮಾಡುವ ಸ್ಟಾರ್ಟರ್ ಪೆಟ್ಟಿಗೆಗೆ ಹೊಸ ಬೀಗ ಜಡಿದೆ. ಪಂಪ್‌ಹೌಸ್ ಗೋಡೆಯ ಮೇಲೆ ಯಾವ ದಿನ ಯಾರ ಸರದಿ ಎಂದು ಬಳಪದಲ್ಲಿ ಬರೆದೆ. ಅಣ್ಣನವರು ಬದುವಿನ ಮೇಲೆಯೇ ನಿಂತು ನೋಡಿದರು, ಹತ್ತಿರ ಬರಲಿಲ್ಲ. ಹೆದರಿದರು ಎಂದುಕೊಂಡೆ. ಬೀಗದ ಕೈ ಯಾರಿಗೆ ಕೊಡುವುದು? ತಂಗಿಯ ಗಂಡ ಮೆದು ಮನುಷ್ಯ, ಅಣ್ಣ ಕೇಳಿದರೆ ಕೊಟ್ಟುಬಿಡುತ್ತಾನೆ. ಎಲ್ಲರೆದುರಿಗೂ ತಂಗಿಯ ಕೈಗೇ ಕೊಟ್ಟೆ.

ನಮ್ಮ ಕಡೆ ಗಂಡನ ಅಣ್ಣನೆದುರು ತಮ್ಮನ ಹೆಂಡತಿ ಕೂರುವುದೂ ಇಲ್ಲ. ಮಾತಿದ್ದರೆ ಅತ್ತೆಯ ಮೂಲಕ. ಅಂಥವರು ಇನ್ನು ದಿನ ಬಿಟ್ಟು ದಿನ ಅವಳ ಬಾಗಿಲಿಗೆ ಬಂದು ಕೈ ಚಾಚಬೇಕು ಎಂದು ನಾನು ಕಾನೂನು ಮಾಡಿದ್ದೆ. ನನ್ನ ಹೆಂಡತಿಯೂ ನನ್ನ ಅಣ್ಣನ ಮುಂದೆ ಕೂರುವವಳಲ್ಲ, ಗೊತ್ತಿಲ್ಲದ ವಿಷಯವೇನಲ್ಲ. ಗೆದ್ದ ಅಮಲಿನಲ್ಲಿ ತಲೆಗೆ ಹೊಳೆಯಲಿಲ್ಲ.

ಅವರು ಬರಲಿಲ್ಲ. ಎಂಟು ದಿನ ತೋಟ ಒಣಗಲು ಬಿಟ್ಟರು. ಅಣ್ಣನ ಸೊಪ್ಪು ಒಣಗುವುದನ್ನು ತಂಗಿಯ ಗಂಡ ನೋಡಲಾರದೆ ಹೋದ. ಹೆಂಡತಿಯ ಹತ್ತಿರ ಬೀಗದ ಕೈ ಕೇಳಲು ಅವನಿಗೂ ಮನಸ್ಸು ಒಪ್ಪಲಿಲ್ಲ. ಒಂಬತ್ತನೇ ದಿನ ಕಬ್ಬಿಣದ ಸಲಾಕೆ ತಂದು ತಾನೇ ಬೀಗ ಒಡೆದ. ಮುಖ ಕೊಟ್ಟು ಮಾತಾಡದಿದ್ದ ಅಣ್ಣ ತಮ್ಮ ಅವತ್ತು ಒಟ್ಟಿಗೆ ಕೂತು ಉಂಡರಂತೆ. ಊರಿನಲ್ಲಿ ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳದಿದ್ದ ಅಣ್ಣನವರು, ಹೊರಗಿನವರಿಗೆ ಜಗ್ಗದ ಗಂಡಸು ಎನಿಸಿಕೊಂಡರು. ಸ್ಟಾರ್ಟರ್ ಪೆಟ್ಟಿಗೆಯೂ ಅವರ ತೋಟದ ಮನೆಯ ಗೋಡೆಗೆ ಹೋಯಿತು. ಅಷ್ಟೆಲ್ಲ ಬಲವನ್ನು ಅವರಿಗೆ ಪುಕ್ಕಟೆಯಾಗಿ ತಲುಪಿಸಿ ಬಂದವನು ನಾನು.

ಗೌರಿ ಹಬ್ಬಕ್ಕೆ ತವರಿನ ಬಾಗಿನ ಕೊಡಲೇಬೇಕಲ್ಲ. ಬಸ್ಸು ಹತ್ತಿ ಹೋಗಿ, ಮೊದಲು ಅಣ್ಣನವರ ಬಾಗಿಲಲ್ಲೇ ನಿಂತೆ.

“ಏನಪ್ಪಾ, ಈ ಸಲ ಎಷ್ಟು ಜನ?” ಎಂದರು.

“ಒಬ್ನೇ ಬಂದಿದ್ದೀನಿ ಭಾವ. ತಪ್ಪಾಯ್ತು.”

“ಹೋಗು, ಬಾಗಿನ ಕೊಟ್ಟು ಊಟ ಮಾಡ್ಕೊಂಡು ಹೋಗು. ತೋಟದ ಕಡೆ ಮಾತ್ರ ಕಾಲಿಡ್ಬೇಡ.”

ತಂಗಿ ಎಲೆ ಹಾಕಿ ಹೋಳಿಗೆ ಬಡಿಸಿದಳು. ಮೆಲ್ಲಗೆ ಕೇಳಿದೆ, “ನೀರು?”

“ಭಾವನೋರು ಬಿಟ್ಟಷ್ಟು.”

“ಕೇಳ್ಬಾರ್ದಾ?”

“ಕೇಳಕ್ಕೆ ನಂಗೆ ಬಾಯಿ ಎಲ್ಲಿ ಉಳ್ಸಿದ್ದೀಯ? ಮೊದ್ಲು ಅತ್ತೆ ಕೈಲಾದ್ರೂ ಹೇಳಿಸ್ತಿದ್ದೆ. ಈಗ ಉಸಿರೆತ್ತಿದ್ರೆ ಅತ್ತೇನೇ ಅಂತಾರೆ, ಯಾಕಮ್ಮ, ನಿಮ್ಮಣ್ಣನ್ನ ಕರೆಸ್ತೀಯಾ ಅಂತ.”

ನೀರು ಕುಡಿದು, “ಹೋಗ್ಲಿ, ನಿಮ್ಮತ್ತೆ ಹತ್ರ ನಾನೊಂದ್ ಮಾತು ಆಡ್ಲಾ?” ಎಂದೆ.

ತಂಗಿ ತುಪ್ಪದ ಬಟ್ಟಲನ್ನು ಕೆಳಗಿಟ್ಟು ನನ್ನನ್ನೇ ನೋಡಿದಳು.

“ಎರಡೂವರೆಗೆ ಬಸ್ಸಿದೆ ಅಣ್ಣ,” ಎಂದಳು.

ಎಲೆ ಮಡಚಿ ಎದ್ದೆ.